ರಸೀದಿಯಲ್ಲಿದ್ದ ಹೆಸರು

ಷಿಕಾಗೋ ಹತ್ತಿರದ ಲೊಂಬಾರ್ಡಿನ ಆ ಅಪಾರ್ಟ್‌ಮೆಂಟಿಗೆ ಭಾನುವಾರದ ಪೇಪರು ಬಂದರೆ ಅದು ಮೊದಲು ಪ್ರಭಾವತಿಯ ಕೈಗೆ ಹೋಗಬೇಕು. ಅಡುಗೆಮನೆಯ ಟೇಬಲ್ಲಿನ ಮೇಲೆ ಹರವಿಕೊಂಡು ಬೆಣ್ಣೆ, ಸೋಪು, ಕಾರ್ನ್‌ಫ್ಲೇಕ್ಸಿನ ಕೂಪನ್ನುಗಳನ್ನೆಲ್ಲ ಕತ್ತರಿಸಿಕೊಂಡ ಮೇಲೆ ತೂತುಬಿದ್ದ ಪೇಪರು ಗಂಡನಿಗೆ. ೧೯೭೬ರ ಜನವರಿಯ ಒಂದು ಭಾನುವಾರ ಅವಳು ಅರ್ಧಕ್ಕೇ ಕತ್ತರಿ ಕೆಳಗಿಟ್ಟಳು.

"ರೀ, ಇಲ್ಲಿ ಬರ್ರಿ. ನಿಮ್ಮ ಕಂಪನಿ ಹೆಸರು ಬಂದೈತಿ."

ಕಲ್ಲಿನಾಥ ಹೊಸಮನಿ ಗದಗಿನವನು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಅರವತ್ತೊಂಬತ್ತರಲ್ಲಿ ಅಮೆರಿಕಕ್ಕೆ ಬಂದು, ಷಿಕಾಗೋದ ಪಶ್ಚಿಮ ಭಾಗದಲ್ಲಿದ್ದ ಮೆರಿಡೆಲ್ ಎಂಬ ಟೆಲಿವಿಷನ್ ಕಾರ್ಖಾನೆ ಸೇರಿದ್ದ. ತಯಾರಾದ ಸೆಟ್ಟುಗಳನ್ನು ಪರೀಕ್ಷಿಸಿ ಹೊರಗೆ ಬಿಡುವ ವಿಭಾಗ ಅವನದು. ಹೆಂಡತಿಯ ಭುಜದ ಮೇಲಿಂದ ಬಗ್ಗಿ ಓದಿದ.

ಅದು ಕೋರ್ಟಿನ ಪ್ರಕಟಣೆ. ಮೆರಿಡೆಲ್ ಕಂಪನಿ ತನ್ನ ಕಲರ್ ಟೀವಿಗಳನ್ನು ತಾನು ಹೇಳಿದ ಬೆಲೆಗಿಂತ ಕಡಿಮೆಗೆ ಮಾರಬಾರದೆಂದು ಅಂಗಡಿಗಳನ್ನು ಹೆದರಿಸಿ, ಗಿರಾಕಿಗಳಿಂದ ಹೆಚ್ಚು ಹಣ ವಸೂಲಿ ಮಾಡಿದೆಯೆಂದು ಕೆಲವರು ಎಲ್ಲ ಗಿರಾಕಿಗಳ ಪರವಾಗಿ ದಾವೆ ಹೂಡಿದ್ದರು. ತಪ್ಪು ಒಪ್ಪಿಕೊಳ್ಳದೆಯೇ ಕಂಪನಿ ರಾಜಿಗೆ ಬಂದಿತ್ತು. ಎಪ್ಪತ್ತರಿಂದ ಎಪ್ಪತ್ತನಾಲ್ಕರ ನಡುವೆ ಇಲಿನಾಯ್‌ನಲ್ಲಿ ಆ ಟೀವಿ ಕೊಂಡವರು ಮಾರ್ಚ್ ಮುಗಿಯುವುದರೊಳಗೆ ಅರ್ಜಿ ಹಾಕಿಕೊಂಡರೆ ಸೆಟ್ಟೊಂದಕ್ಕೆ ಸುಮಾರು ನಲವತ್ತು ಡಾಲರ್ ವಾಪಸು ಸಿಗುತ್ತಿತ್ತು.

"ನಮ್ಮದೂ ಬರತೈತಲ್ಲ ಇದರಾಗ," ಎಂದಳು ಪ್ರಭಾವತಿ. "ನಮ್ಮದೊಂದ ಅಲ್ಲ. ನೀವು ಕೊಡಿಸಿದವೂ ಬರ್ತಾವು."

ನಾಲ್ಕು ವರ್ಷದ ಹಿಂದೆ ಕಂಪನಿ ತನ್ನ ಕೆಲಸಗಾರರಿಗೆ ಒಂದು ಸವಲತ್ತು ಕೊಟ್ಟಿತ್ತು. ವಿಲ್ಲಾ ಪಾರ್ಕಿನ ಒಂದು ಅಂಗಡಿಯಲ್ಲಿ ಅವರು ತಮಗೂ ತಮ್ಮ ಸ್ನೇಹಿತರಿಗೂ 'ಎಂಪ್ಲಾಯೀ ಬೆಲೆ'ಗೆ ಟೀವಿ ಕೊಳ್ಳಬಹುದಾಗಿತ್ತು. ಆ ಸಲದ ಸಂಕ್ರಾಂತಿ ಊಟಕ್ಕೆ ಸೇರಿದ್ದ ಕನ್ನಡದವರಿಗೆಲ್ಲ ಕಲ್ಲಿನಾಥ ಅದನ್ನು ಸಾರಿ ಹೇಳಿದ್ದ. ಐದು ಕುಟುಂಬದವರು ಅವನ ಕೈಗೆ ಹಣ ಕೊಟ್ಟು ಸೆಟ್ಟು ತರಿಸಿಕೊಂಡಿದ್ದರು. ಒಬ್ಬೊಬ್ಬರಿಗೂ ಐವತ್ತು ಡಾಲರ್ ಉಳಿಸಿಕೊಟ್ಟೆನೆಂದು ಅವನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದ. ಈಗ ನೋಡಿದರೆ ಆ ಎಂಪ್ಲಾಯೀ ಬೆಲೆಯೇ ನ್ಯಾಯದ ಬೆಲೆಗಿಂತ ಮೇಲಿತ್ತು. ರಸೀದಿಗಳೆಲ್ಲ ಇದ್ದದ್ದು ಕೆ. ಹೊಸಮನಿಯ ಹೆಸರಿನಲ್ಲಿ.

"ನಾವು ಇದಕ್ಕೆ ಕೈ ಹಾಕೋದು ಬ್ಯಾಡ," ಎಂದ.

"ಯಾಕ?"

"ಯಾಕಂದ್ರ? ನಾ ಅಲ್ಲೇ ದುಡೀತೀನಿ."

ಒಲೆಯ ಹತ್ತಿರ ಕೂತು ಹುರಿದ ಶೇಂಗಾದ ಸಿಪ್ಪೆ ಉಜ್ಜಿ ತೆಗೆಯುತ್ತಿದ್ದ ಕಲ್ಲಿನಾಥನ ತಾಯಿ ಮಲ್ಲಮ್ಮ ತಲೆ ಎತ್ತಿದಳು. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದಿದ್ದ ಅವಳಿಗೆ ಟೀವಿಯ ಇಂಗ್ಲಿಷ್ ತಿಳಿಯುತ್ತಿರಲಿಲ್ಲ, ಮನೆಯೊಳಗಿನ ದನಿ ಏರಿದರೆ ತಿಳಿಯುತ್ತಿತ್ತು.

"ಉಂಡ ಮನಿಗೆ ಎರಡ ಬಗೀಬಾರ್ದವ್ವಾ," ಎಂದಳು ಸೊಸೆಗೆ.

"ಅವರೇನ ಪುಕ್ಕಟ ಉಣಿಸ್ಯಾರೇನ್ರಿ ಅತ್ತಿ? ದುಡಿಸ್ಕೊಂಡ ಕೊಟ್ಟಾರ," ಎಂದು ಪ್ರಭಾವತಿ ಪ್ರಕಟಣೆಯನ್ನೂ ಕೂಪನ್ನಿನಂತೆಯೇ ಅಂಚು ಹಿಡಿದು ಕತ್ತರಿಸಿದಳು.

ಮಂಗಳವಾರ ಸಂಜೆ ಮಿಶಿಗನ್ನಿನ ವಿಕ್ಸಮ್‌ನಿಂದ ಅಂಬುಜಾ ಫೋನು ಮಾಡಿದಳು. ಅಂಬುಜಾ ಮತ್ತು ಅವಳ ಗಂಡ ರಘೋತ್ತಮ ಮೈಸೂರಿನವರು. ಇದೇ ಕಟ್ಟಡದಲ್ಲಿ ಎದುರು ಬಾಗಿಲಿನ ಮನೆಯಲ್ಲಿದ್ದವರು. ಮಲ್ಲಮ್ಮ ಇನ್ನೂ ಊರಿನಲ್ಲಿದ್ದ ದಿನಗಳಲ್ಲಿ ಸತ್ಯಳಿಗೆ, ಎಂದರೆ ಕಲ್ಲಿನಾಥನ ಮಗಳಿಗೆ, ಸೀತಾಳೆ ಸಿಡುಬು ಎದ್ದಾಗ ಪ್ರಭಾವತಿ ಕೆಲಸ ಬಿಡದಂತೆ ಹಗಲೆಲ್ಲ ನೋಡಿಕೊಂಡವಳು ಅಂಬುಜಾ. ಆಮೇಲೆ ರಘೋತ್ತಮನಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಮಿಶಿಗನ್ನಿಗೆ ಹೋದರು. ಕಳೆದ ಅಕ್ಟೋಬರಿನಲ್ಲಿ ಆ ಕೆಲಸ ಹೋಗಿತ್ತು.

"ಪ್ರಭಾ, ಇಲ್ಲಿ ಡೆಟ್ರಾಯಿಟ್ ಪೇಪರಲ್ಲೂ ಬಂದಿದೆ ಕಣ್ರೀ ಆ ಟೀವಿ ವಿಷಯ. ಇವರು ಫಾರಂ ತರಿಸಿದಾರೆ. ರಸೀದಿ ನಮ್ಮ ಹತ್ರಾನೇ ಇದೆ, ಆದ್ರೆ ಹೆಸರು ನಿಮ್ಮ ಮನೆಯೋರದ್ದು. ದುಡ್ಡು ಕೊಟ್ಟಿದ್ದು ನಮ್ಮೋರು ಅಂತ ನಿಮ್ಮೋರು ಒಂದು ಕಾಗದದಲ್ಲಿ ನೋಟರಿ ಮುಂದೆ ಸೈನ್ ಮಾಡಿಕೊಟ್ಟರೆ ಆಯ್ತಂತೆ."

"ಹೇಳ್ತೀನ್ರಿ ಅಂಬುಜಾ."

"ನಲವತ್ತು ಡಾಲರ್‌ಗೆ ಇಷ್ಟು ದೂರ ಫೋನ್ ಮಾಡ್ತಾಳೆ ಅಂದ್ಕೋಬೇಡಿ." ಅಂಬುಜಾ ದನಿ ತಗ್ಗಿಸಿದಳು. "ಮನೆ ಹೀಟರನ್ನ ಕಮ್ಮಿ ಮಾಡಿ ಅರವತ್ತು ಡಿಗ್ರಿಗೆ ಇಳಿಸಿಟ್ಟಿದೀವಿ. ಆದ್ರೂ ಹೀಟಿಂಗ್ ಬಿಲ್ ನೋಡಿ ಇವರು ಯಾರ ಹತ್ರಾನೂ ಮಾತಾಡಲ್ಲ. ಮಕ್ಕಳು ಒಳಗೂ ಕೋಟ್ ಹಾಕ್ಕೊಂಡೇ ಆಡ್ತಾವೆ."

ಊಟಕ್ಕೆ ಕೂತಾಗ ಪ್ರಭಾವತಿ ವಿಷಯ ಹೇಳಿದಳು. ಕಲ್ಲಿನಾಥ ಅನ್ನಕ್ಕೆ ಕಡಲೆಹಿಟ್ಟಿನ ಝುಣಕ ಕಲಸುತ್ತ, "ನೋಡೋಣ," ಎಂದ.

"ನೋಡೋದೇನೈತಿ? ಬ್ಯಾಂಕಿನಾಗ ನೋಟರಿ ಅದಾನ. ಶನಿವಾರ ಹೋದ್ರ ಮುಗೀತು."

"ನೋಡೋಣ ಅಂದ್ನೆಲ್ಲ."

ಆ ವಾರ ಕಾರ್ಖಾನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಎರಡನೆಯ ಲೈನು ಮುಚ್ಚಿ ಅದರ ಕೆಲಸ ತೈವಾನಿಗೆ ಹೋಗುತ್ತದೆಂದು ಸುದ್ದಿ. ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕ್ಯಾಂಟೀನಿನಲ್ಲಿ ಮ್ಯಾನೇಜರ್ ಡೊನಹ್ಯೂ ಕಾಫಿ ಹಿಡಿದುಕೊಂಡು ಕಲ್ಲಿನಾಥನ ಟೇಬಲ್ಲಿಗೆ ಬಂದು ಕೂತ. ಹವಾಮಾನ ಮಾತಾಡಿದ, ಮಗಳ ಶಾಲೆ ವಿಚಾರಿಸಿದ. ಏಳುವಾಗ, ನಮ್ಮವರೇ ಕೆಲವರು ಆ ಕೋರ್ಟಿನ ಹಣಕ್ಕೆ ಅರ್ಜಿ ಹಾಕುತ್ತಾರಂತೆ, ಕಾನೂನಿನ ಪ್ರಕಾರ ಯಾರೂ ತಡೆಯುವಂತಿಲ್ಲ, ಆದರೆ ಅರ್ಜಿಗಳೆಲ್ಲ ಕೊನೆಗೆ ನಮ್ಮ ವಕೀಲರ ಟೇಬಲ್ಲಿಗೇ ಬರುತ್ತವೆ ನೋಡು, ಎಂದು ನಕ್ಕು ಬೆನ್ನು ತಟ್ಟಿ ಹೋದ.

ಕಲ್ಲಿನಾಥ ಅದನ್ನು ಮನೆಯಲ್ಲಿ ಹೇಳಲಿಲ್ಲ. ಫೋನು ಬಂದರೆ ಮಾತ್ರ ಎದ್ದು ಬಚ್ಚಲಿಗೆ ಹೋಗತೊಡಗಿದ. ಒಂದು ಸಂಜೆ ಪ್ರಭಾವತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅವಳು ಓಕ್ ಬ್ರೂಕಿನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಕಾರ್ಡುಗಳಿಗೆ ತೂತು ಹೊಡೆಯುವ ಕೀಪಂಚ್ ಕೆಲಸ ಮಾಡುತ್ತಿದ್ದಳು. ಫೋನು ಬಡಿದುಕೊಂಡಿತು. ಹನ್ನೆರಡು ವರ್ಷದ ಸತ್ಯ ಎತ್ತಿದಳು. ಕಲ್ಲಿನಾಥ ದೂರದಿಂದಲೇ ಇಲ್ಲವೆಂದು ಹೇಳು ಎಂದು ಕೈಯಾಡಿಸಿದ.

"ಹಾಯ್ ಅಂಕಲ್," ಎಂದಳು ಸತ್ಯ. "ಡ್ಯಾಡ್ ಸೇಸ್ ಹೀ ಈಸ್ ನಾಟ್ ಹೋಮ್."

ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು. ಕಲ್ಲಿನಾಥ ಮಗಳ ಮೇಲೆ ಹರಿಹಾಯ್ದ.

"ವಾಟ್? ಯೂ ಟೋಲ್ಡ್ ಮೀ ಟು ಸೇ ಇಟ್!" ಎಂದು ಅವಳು ಅಳುತ್ತ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡಳು. ಪ್ರಭಾವತಿ ಬಂದಾಗ ಮನೆ ಹೀಗಿತ್ತು. ಅತ್ತೆ ಎಲ್ಲ ವರದಿ ಒಪ್ಪಿಸಿದಳು.

"ಯಾರಿಗೆ ಅಂಜಾಕತ್ತೀರಿ ನೀವು?" ಎಂದಳು ಪ್ರಭಾವತಿ, ಕೋಟು ಬಿಚ್ಚದೆ ನಿಂತೇ.

ಆಗ ಅವನು ಡೊನಹ್ಯೂ ಹೇಳಿದ್ದನ್ನು ಹೇಳಿದ. "ರಘೋತ್ತಮ ಎಷ್ಟು ಕಡೆ ಅಪ್ಲೈ ಮಾಡ್ಯಾನ ಗೊತ್ತೈತೇನು ನಿನಗ? ನಾಕು ತಿಂಗಳಾತು. ಅವನಷ್ಟು ಶಾಣ್ಯಾ ಮನಷ್ಯಾಗ ಸಿಗವಲ್ದು. ನಾಳೆ ನನ್ನ ಹೊರಗ ಹಾಕಿದ್ರ ನನಗ ಯಾರ ಕೊಡ್ತಾರ? ಡಾಕ್ಟರ್ ಶಿವಬಸಪ್ಪನೂ ಆವಾಗ ನಮ್ಮ ಕೈಲೇ ಸೆಟ್ ತರಿಸಿದ. ಅವಗ ಫೋನ್ ಮಾಡಿ ಕೇಳಿದೆ. ಬಿಡೋ ಮಾರಾಯಾ, ನಲವತ್ತು ಡಾಲರಿಗೆ ಯಾರ ಕೋರ್ಟಿಗೆ ಬರೀತಾರ ಅಂದ."

"ಅವರು ಡಾಕ್ಟರು. ಹಂಗ ಅಂತಾರ. ಉಳಿದ ನಾಕು ಮಂದಿ ಡಾಕ್ಟರಲ್ಲ."

"ಉಳಿದವರಿಗೆ ನಾನ ಕೊಡ್ತೀನಿ."

"ಏನ ಕೊಡ್ತೀರಿ?"

"ನನ್ನ ಕೈಲಿಂದ ಕೊಡ್ತೀನಿ. ನನ್ನ ಮಾತ ಕೇಳಿ ತಗೊಂಡಾರ. ನಾಕೂ ಮಂದಿಗೆ ಚೆಕ್ ಬರದ ಕೊಟ್ರ ಯಾರಿಗೂ ಅನ್ಯಾಯ ಆಗಂಗಿಲ್ಲ, ನಾನೂ ಸಹಿ ಮಾಡೋದು ಬ್ಯಾಡ."

ಪ್ರಭಾವತಿ ಕುರ್ಚಿ ಎಳೆದು ಕೂತಳು. ಇಬ್ಬರೂ ಸೇರಿ ಮೂರು ವರ್ಷದಿಂದ ಸ್ವಂತ ಮನೆಯ ಮುಂಗಡಕ್ಕೆಂದು ಹಣ ಕೂಡಿಸುತ್ತಿದ್ದರು. ಅವಳ ಪಗಾರ ಪೂರ್ತಿ ಅದಕ್ಕೇ ಹೋಗುತ್ತಿತ್ತು. "ಅಂದ್ರ ಕಂಪನಿ ತಿಂದದ್ದನ್ನ ನಾ ಕಕ್ಕಬೇಕು," ಎಂದಳು. "ನಾ ದಿನಾ ಕೂತು ಬೆನ್ನು ಮುರಿಯೋ ಹಂಗ ಕಾರ್ಡಿಗೆ ತೂತು ಹೊಡದದ್ದು ಅವರ ಸಾಲಾ ತೀರಸಾಕೇನು?"

"ದನಿ ಏರಿಸಬ್ಯಾಡ. ಅವ್ವಗ ಕೇಳ್ತೈತಿ."

"ಕೇಳಲಿ. ಅವರೂ ಹೇಳ್ಲಿ ಇದು ಸರಿ ಅಂತ."

ಮಲ್ಲಮ್ಮ ಹೇಳಲಿಲ್ಲ. ಆದರೆ ಸೊಸೆಯ ಕಡೆಗೂ ಮಾತಾಡಲಿಲ್ಲ. "ಗಂಡಸು ಹೊರಗ ದುಡಿಯೋ ಜಾಗಾದಾಗ ತಲಿ ತಗ್ಗಿಸಿಕೊಂಡ ಇರಬೇಕಾಗತೈತಿ," ಎಂದಷ್ಟೇ ಗೋಡೆಗೆ ಹೇಳಿದಳು. ಅವತ್ತು ಎಲ್ಲರೂ ಬೇರೆ ಬೇರೆ ಹೊತ್ತಿಗೆ ಉಂಡರು.

ಫೆಬ್ರವರಿ ಮುಗಿಯುತ್ತ ಬಂದಾಗ ರಘೋತ್ತಮ ತಾನೇ ಬಂದ. ಎಲ್ಕ್ ಗ್ರೋವ್ ಕಡೆ ಒಂದು ಇಂಟರ್‌ವ್ಯೂ ಇತ್ತು. ವಿಕ್ಸಮ್‌ನಿಂದ ಬೆಳಗಿನ ಜಾವ ಹೊರಟು ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದು, ಅದನ್ನು ಮುಗಿಸಿ, ಸಂಜೆ ಇವರ ಬಾಗಿಲಿಗೆ ಬಂದಿದ್ದ. ಮದುವೆಯ ಕಾಲದ ಕರಿ ಸೂಟು ಹೆಗಲಲ್ಲಿ ಸಡಿಲವಾಗಿತ್ತು.

"ಬಾ ತಮ್ಮಾ, ಬಾ," ಎಂದು ಮಲ್ಲಮ್ಮ ಬಾಗಿಲಿಗೇ ಹೋಗಿ ಕರೆತಂದಳು. "ಎಷ್ಟ ಸೊರಗೀಯಪಾ! ಅಂಬುಜಾ ಅಡಗಿ ಮಾಡ್ತಾಳೋ ಇಲ್ಲೋ?"

"ಮಾಡ್ತಾಳೆ ಅಮ್ಮ. ನಿಮ್ಮ ಕೈದು ಉಂಡು ತುಂಬಾ ದಿನ ಆಯ್ತು ನೋಡಿ, ಅದಕ್ಕೇ ಹೀಗೆ," ಎಂದು ಅವನು ನಕ್ಕ.

ಮಲ್ಲಮ್ಮನಿಗೆ ಅಷ್ಟು ಸಾಕಾಯಿತು. ಹೊಸದಾಗಿ ಬಂದಾಗ, ಮೈಸೂರ ಬ್ರಾಹ್ಮಣರು ನಮ್ಮ ಮನಿಯಾಗ ಉಣ್ತಾರೇನು ಎಂದು ಮಗನನ್ನು ಕೇಳಿದವಳು ಅವಳು. ಆ ವಾರವೇ ರಘೋತ್ತಮ ಎದುರು ಮನೆಯಿಂದ ತಾನೇ ತಟ್ಟೆ ತಂದು, ರೊಟ್ಟಿ ಹಾಕಿ ಅಮ್ಮ ಎಂದು ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ಊರಿನಿಂದ ತಂದ ಜೋಳದ ಹಿಟ್ಟು ತಳ ಕಂಡಿತ್ತು. ಯಾರಿಗೂ ಕೊಡದೆ ಉಳಿಸಿಟ್ಟಿದ್ದ ಆ ಹಿಟ್ಟನ್ನು ಅವಳು ಈಗ ತೆಗೆದಳು. ದೊಡ್ಡ ಅಮೆರಿಕನ್ ಬದನೆಕಾಯಿಯನ್ನು ಹೆಚ್ಚಿ ಶೇಂಗಾ, ಎಳ್ಳು ಹಾಕಿ ಪಲ್ಯ ಮಾಡಿದಳು. ಪ್ರಭಾವತಿ ಮೊಸರು, ಹಿಂಡಿ ಚಟ್ನಿ, ಅನ್ನ, ಸಾರು ಜೋಡಿಸಿದಳು.

ಮೊದಲ ರೊಟ್ಟಿಯವರೆಗೆ ಎಲ್ಲ ಸರಿಯಾಗಿತ್ತು. ಇಂಟರ್‌ವ್ಯೂ ಹೇಗಾಯಿತೆಂದು ಕೇಳಿದರು. "ನೀವು ಈ ಕೆಲಸಕ್ಕೆ ಜಾಸ್ತಿ ಓದಿದೀರಿ ಅಂದ್ರು," ಎಂದ ರಘೋತ್ತಮ. "ಹೋದ ವಾರದೋರು ಕಮ್ಮಿ ಅನುಭವ ಅಂದಿದ್ರು." ಆಮೇಲೆ ಕೈ ನಿಲ್ಲಿಸಿ, ಸೂಟಿನ ಜೇಬಿನಿಂದ ಒಂದು ಕಾಗದ ತೆಗೆದು ಟೇಬಲ್ಲಿನ ಮೇಲಿಟ್ಟು ಹೇಳಿದ, "ಕಲ್ಲಿನಾಥ್, ಆ ಕಾಗದ ಜೊತೇಲೇ ತಂದಿದೀನಿ. ನಿಮಗೆ ಫೋನಲ್ಲಿ ತೊಂದರೆ ಕೊಡೋದು ಬೇಡ ಅಂತ."

ಮನೆಯಲ್ಲಿಲ್ಲ ಎಂದು ಹೇಳಿಸಿದ್ದು ಅವನಿಗೆ ಗೊತ್ತಿತ್ತೆಂಬುದು ಆ ಮಾತಿನಲ್ಲೇ ತಿಳಿಯುತ್ತಿತ್ತು. ಕಲ್ಲಿನಾಥ ಎಡಗೈಯಿಂದ ಅಂಗಿಯ ಜೇಬಿನೊಳಗಿದ್ದ, ಮೊದಲೇ ಚೆಕ್ಕು ಬರೆದಿಟ್ಟಿದ್ದ ಲಕೋಟೆ ತೆಗೆದು ಟೇಬಲ್ಲಿನ ಮೇಲೆ ಸರಿಸಿದ.

"ಏನಿದು?"

"ಇಟಗೋರಿ. ಆ ಕೋರ್ಟಿನ ರೊಕ್ಕಾ ಬರೂದು ಯಾವಾಗೋ ಏನೋ. ಸದ್ಯಕ್ಕ ನಾನ ಕೊಡ್ತೀನಿ. ಎರಡೂ ಒಂದ ಅಲ್ಲೇನು?"

ರಘೋತ್ತಮ ಲಕೋಟೆ ಮುಟ್ಟಲಿಲ್ಲ. "ಒಂದೇ ಅಲ್ಲ," ಎಂದ. "ನಾನು ನಿಮ್ಮ ಹತ್ರ ದುಡ್ಡು ಕೇಳಿದೀನಾ?"

"ಹಂಗಲ್ಲ ರಘೋತ್ತಮ, ನನ್ನ ಪರಿಸ್ಥಿತಿ ಸ್ವಲ್ಪ..."

"ನನ್ನಿಂದ ಜಾಸ್ತಿ ತಗೊಂಡೋರು ಅವರು. ಅವರ ಕೈಯಿಂದ ವಾಪಸ್ ಬಂದ್ರೆ ಅದು ನನ್ನ ದುಡ್ಡು. ನಿಮ್ಮ ಕೈಯಿಂದ ತಗೊಂಡ್ರೆ ಏನಾಗುತ್ತೆ? ಇದನ್ನ ಕೊಟ್ಟು ಅಂಬುಜಂಗೆ ಏನು ಹೇಳಲಿ? ಕಲ್ಲಿನಾಥ್ ಪಾಪ ಅಂತ ಕೊಟ್ರು ಅಂತಾನಾ?"

"ಸಿಟ್ಟಿಗೇಳಬ್ಯಾಡ್ರಿ. ಕೆಲಸ ಇಲ್ಲದಾಗ ಸಹಾಯ ಅಂತ..."

ಆ ಮಾತು ಬರಬಾರದಾಗಿತ್ತು. ರಘೋತ್ತಮ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದ. ಸಿಂಕಿನಲ್ಲಿ ಕೈ ತೊಳೆದುಕೊಂಡ. ಮಲ್ಲಮ್ಮ ಎರಡನೆಯ ರೊಟ್ಟಿ ತಂದು ನಿಂತವಳು, "ಯಾಕಪಾ? ಯಾಕ ಎದ್ದಿ? ಕುಂದ್ರು, ಉಣ್ಣು," ಎಂದಳು.

"ದೂರ ಹೋಗ್ಬೇಕು ಅಮ್ಮ. ಹಿಮ ಜಾಸ್ತಿ ಆಗುತ್ತೆ," ಎಂದು ಬಗ್ಗಿ ಅವಳ ಕಾಲು ಮುಟ್ಟಿ ಕೋಟು ಹಾಕಿಕೊಂಡ. ಪ್ರಭಾವತಿ ಮೆಟ್ಟಿಲವರೆಗೂ ಹಿಂದೆ ಹೋದಳು. "ನಿಮ್ಮ ಮೇಲೆ ಬೇಜಾರಿಲ್ಲ ಪ್ರಭಾವತಿ, ಒಳಗೆ ಹೋಗಿ, ಚಳಿ," ಎಂದು ಅವನು ಇಳಿದುಹೋದ. ಕಾರು ಎರಡು ಸಲ ಕೆಮ್ಮಿ, ಮೂರನೆಯ ಸಲ ಹೊರಟಿತು.

ಮಲ್ಲಮ್ಮ ಇನ್ನೂ ರೊಟ್ಟಿ ಹಿಡಿದೇ ನಿಂತಿದ್ದಳು.

"ಕಲ್ಲೂ, ಖರೇ ಹೇಳು. ನಮ್ಮ ಜಾತಿ ಅಂತ ಎದ್ದು ಹೋದನೇನು?"

"ಜಾತಿ ಅಲ್ಲವ್ವಾ."

"ಮತ್ತ?"

"ನನ್ನ ಮಾತಿಗೆ."

ಅವಳು ರೊಟ್ಟಿಯನ್ನು ಬುಟ್ಟಿಗೆ ಹಾಕಿ ಟೇಬಲ್ಲಿನ ಎದುರು ಕೂತಳು. ಅವಳು ಟೇಬಲ್ಲಿಗೆ ಕೂರುವುದು ಅಪರೂಪ. "ನಿಮ್ಮಪ್ಪ ಇದ್ದಾಗ ಬರಗಾಲ ಬಿದ್ದಿತ್ತು. ಗಂಜಿ ಕುಡದೀವಿ. ಆದ್ರ ನಮ್ಮ ಮನಿಯಿಂದ ಒಬ್ಬಾವ ಅರ್ಧ ಉಂಡು ಎದ್ದು ಹೋಗಿಲ್ಲ. ಹೌದೋ ಅಲ್ಲೋ?"

"ಅವ್ವಾ, ನಿನಗ ತಿಳಿಯಂಗಿಲ್ಲ. ನೀನ ಅಂದಿಯಲ್ಲ, ಉಂಡ ಮನಿಗೆ ಎರಡ ಬಗೀಬಾರ್ದು ಅಂತ."

"ಅಂದಿದ್ದೆ. ಈಗ ಕೇಳ್ತೀನಿ. ನಿನ್ನ ಕಂಪನಿ ಒಂದ ದಿನಾ ನಮ್ಮ ಮನಿಗೆ ಉಣ್ಣಾಕ ಬಂದೈತೇನು? ಇಂವ ಬಂದಿದ್ದ. ಸತ್ಯಾಗ ಸಿಡುಬ ಎದ್ದಾಗ ಕಂಪನಿ ಬಂತೋ, ಅಂಬುಜಾ ಬಂದ್ಳೋ?"

ಕಲ್ಲಿನಾಥ ಕೈ ಒಣಗುವ ತನಕ ತಟ್ಟೆಯ ಮುಂದೆ ಕೂತಿದ್ದ. ಪ್ರಭಾವತಿ ಮೇಲೆ ಬಂದವಳು ರಘೋತ್ತಮನ ತಟ್ಟೆ ತೊಳೆದಳು. ಲಕೋಟೆಯನ್ನು ತೆಗೆದು ಗಂಡನ ಮುಂದಿಟ್ಟಳು. ಅದರ ಕೆಳಗೆ ರಘೋತ್ತಮ ಬಿಟ್ಟುಹೋದ ಕಾಗದವಿತ್ತು. ಬೇಕೆಂದೇ ಬಿಟ್ಟನೋ, ಮರೆತನೋ ಯಾರಿಗೂ ತಿಳಿಯಲಿಲ್ಲ.

ಎರಡು ವಾರ ಆ ಮನೆಯಲ್ಲಿ ಮಾತಿಗೆ ಬರ ಬಂತು. ಮಲ್ಲಮ್ಮ ಅಡುಗೆ ಮಾಡಿಟ್ಟು ಮಗನಿಗೆ ನೀಡದೆ ಕೋಣೆಗೆ ಹೋಗುತ್ತಿದ್ದಳು. ಸತ್ಯ ತಂದೆಯ ಪ್ರಶ್ನೆಗಳಿಗೆ "ಫೈನ್" ಎಂಬ ಒಂದೇ ಉತ್ತರ ಇಟ್ಟುಕೊಂಡಳು. ಪ್ರಭಾವತಿ ಮಾತ್ರ ಜಗಳ ನಿಲ್ಲಿಸಿದ್ದಳು, ಅದು ಕಲ್ಲಿನಾಥನಿಗೆ ಜಗಳಕ್ಕಿಂತ ಕಷ್ಟವಾಯಿತು. ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿಯುವಾಗ ಜೊತೆಗೆ ಹೋಗಿ ಯಂತ್ರಕ್ಕೆ ನಾಣ್ಯ ಹಾಕುತ್ತ ಅವನೇ ಮಾತು ತೆಗೆದ.

"ಕೆಲಸ ಹೋದ್ರ ಏನ ಮಾಡೋದು ಹೇಳು."

"ನನ್ನ ಕೆಲಸ ಐತಿ. ಬಾಡಿಗಿ ಕಟ್ಟಬಹುದು. ಅನ್ನಾ, ಸಾರು ಉಣ್ಣಬಹುದು."

"ಮನಿ?"

"ಮನಿ ಇನ್ನೂ ಎರಡು ವರ್ಷ ಮುಂದ ಹೋಗತೈತಿ. ಹೋಗ್ಲಿ." ಅವಳು ಯಂತ್ರದ ಮುಚ್ಚಳ ಹಾಕಿದಳು. "ನನಗೂ ಅಂಜಿಕಿ ಐತ್ರಿ. ಇಲ್ಲ ಅಂತ ತಿಳೀಬ್ಯಾಡ್ರಿ. ಆದ್ರ ನೀವು ಫೋನ್ ಬಂದ್ರ ಬಚ್ಚಲದಾಗ ಅಡಗೋದು ನನಗ ನೋಡಾಕ ಆಗವಲ್ದು."

ಮಾರ್ಚ್ ಮೂರನೆಯ ಶನಿವಾರ ಇಬ್ಬರೂ ಬ್ಯಾಂಕಿಗೆ ಹೋದರು. ಶಿವಬಸಪ್ಪನವರನ್ನು ಬಿಟ್ಟು ಉಳಿದ ನಾಲ್ವರ ಕಾಗದಗಳು ಅಷ್ಟರಲ್ಲಿ ಬಂದಿದ್ದವು. ನೋಟರಿ ನರೆಗೂದಲಿನ ಹೆಂಗಸು. ಕಾಗದದಲ್ಲಿ ಬರೆದದ್ದು ಸತ್ಯವೇ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಕೇಳಿದಳು. ಕಲ್ಲಿನಾಥ ಪ್ರತಿಯೊಂದಕ್ಕೂ ಹೌದೆಂದು ಸಹಿ ಮಾಡಿದ. ನಾಲ್ಕು ಮುಗಿದ ಮೇಲೆ ಪೆನ್ನು ಕೆಳಗಿಟ್ಟ. ಪ್ರಭಾವತಿ ಕೈಚೀಲದಿಂದ ಇನ್ನೊಂದು ಕಾಗದ ತೆಗೆದು ಮುಂದಿಟ್ಟಳು.

"ಇದು?"

"ನಮ್ಮದು."

"ನಮ್ಮದ್ಯಾಕ ಪ್ರಭಾ? ಬಿಡು."

"ನಾಕು ಮಂದಿಗೆ ಮೋಸ ಆಗೈತಿ, ನಮಗ ಆಗಿಲ್ಲಂತ ಬರದಂಗ ಅಕ್ಕೈತಿ. ಮಾಡ್ರಿ."

ನೋಟರಿ ಇವರ ಮಾತು ತಿಳಿಯದೆ ಇಬ್ಬರನ್ನೂ ನೋಡುತ್ತ ಮುದ್ರೆ ಹಿಡಿದು ಕಾದಳು. ಅವನು ಐದನೆಯದಕ್ಕೂ ಸಹಿ ಮಾಡಿದ. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಕೀಲಿ ತಿರುಗಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಪ್ರಭಾವತಿ ನೋಡಿಯೂ ನೋಡದಂತೆ ಅಂಚೆ ಡಬ್ಬ ಎಲ್ಲಿದೆಯೆಂದು ಹುಡುಕಿದಳು.

ಏಪ್ರಿಲಿನಲ್ಲಿ ಏನೂ ಆಗಲಿಲ್ಲ. ಮೇ ತಿಂಗಳಲ್ಲೂ ಆಗಲಿಲ್ಲ. ಕಾರ್ಖಾನೆಯಲ್ಲಿ ಡೊನಹ್ಯೂ ಎಂದಿನಂತೆ ತಲೆಯಾಡಿಸಿ ಹೋಗುತ್ತಿದ್ದ. ಕಲ್ಲಿನಾಥ ಪ್ರತಿ ಶುಕ್ರವಾರ ಪಗಾರದ ಲಕೋಟೆ ಒಡೆದು ಒಳಗೆ ಬೇರೆ ಚೀಟಿ ಇದೆಯೇ ಎಂದು ನೋಡುತ್ತಿದ್ದ. ಮಲ್ಲಮ್ಮ ಮತ್ತೆ ಮಗನಿಗೆ ನೀಡತೊಡಗಿದ್ದಳು. ವಿಕ್ಸಮ್‌ನಿಂದ ಅಂಬುಜಾ ಆಗಾಗ ಫೋನು ಮಾಡಿದರೂ ರಘೋತ್ತಮ ಮಾತಿಗೆ ಬರಲಿಲ್ಲ. ಅವನಿಗೆ ಒಂದು ಕಡೆ ನಕ್ಷೆ ಬರೆಯುವ ತಾತ್ಕಾಲಿಕ ಕೆಲಸ ಸಿಕ್ಕಿದೆಯೆಂದು ಅಂಬುಜಳಿಂದಲೇ ತಿಳಿಯಿತು.

ಜುಲೈನಲ್ಲಿ, ದೇಶದ ಇನ್ನೂರನೆಯ ಹುಟ್ಟುಹಬ್ಬದ ಬಾವುಟಗಳನ್ನು ಇನ್ನೂ ಕಾರ್ಖಾನೆಯ ಗೋಡೆಯಿಂದ ಇಳಿಸಿರಲಿಲ್ಲ, ಡೊನಹ್ಯೂ ಅವನನ್ನು ಕೋಣೆಗೆ ಕರೆದ. ಎರಡನೆಯ ಲೈನು ಮುಚ್ಚುತ್ತಿದೆ, ಆದ್ದರಿಂದ ನಿನ್ನನ್ನು ಸಿಸೆರೋದ ರಿಪೇರಿ ಡಿಪೋಗೆ ಹಾಕಿದ್ದೇವೆ, ಎಂದ. ಅಲ್ಲಿ ಎಂಜಿನಿಯರ್ ಹುದ್ದೆಯಿಲ್ಲ, ಟೆಕ್ನೀಶಿಯನ್ ಹುದ್ದೆ. ಪಗಾರ ಕಾಲುಭಾಗ ಕಡಿಮೆ. ಅರ್ಜಿಗಳ ವಿಷಯ ಅವನು ಎತ್ತಲಿಲ್ಲ. ಕಲ್ಲಿನಾಥನೇ ಕೇಳಿದ, ಇದು ಆ ಸಹಿಗಳಿಗಾಗಿಯೇ ಎಂದು. ಯಾವ ಸಹಿ, ಎಂದು ಡೊನಹ್ಯೂ ಕಿಟಕಿಯ ಹೊರಗೆ ನೋಡಿದ. ಅದೇ ವಿಭಾಗದ ಬೇರೆ ಮೂವರು ಎಂಜಿನಿಯರುಗಳು ಇದ್ದ ಜಾಗದಲ್ಲೇ ಉಳಿದರು.

ಮನೆಗೆ ಬಂದು ಹೇಳಿದಾಗ ಪ್ರಭಾವತಿ, "ಹೊರಗ ಹಾಕಿಲ್ಲಲ್ಲ," ಎಂದಳು.

"ಹಾಕಿಲ್ಲ. ನಾನಾಗಿ ಬಿಡಲಿ ಅಂತ ಮಾಡ್ಯಾರ."

"ಬಿಡಬ್ಯಾಡ್ರಿ. ಮಾಡ್ಕೋತ ಬ್ಯಾರೆ ಕಡೆ ಅಪ್ಲೈ ಮಾಡ್ರಿ. ನಮ್ಮಲ್ಲಿ ಸಂಜಿ ಶಿಫ್ಟಿಗೆ ಮಂದಿ ಬೇಕಾಗ್ಯಾರ. ವಾರದಾಗ ಮೂರು ದಿನಾ ಅದನ್ನೂ ಮಾಡ್ತೀನಿ."

"ನಿನ್ನ ಬೆನ್ನು?"

"ಬೆನ್ನು ನನ್ನದು. ನಾ ನೋಡ್ಕೋತೀನಿ."

ಸತ್ಯ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. "ಆರ್ ವೀ ಗೋಯಿಂಗ್ ಟು ಬಿ ಪೂರ್?" ಎಂದಳು.

"ಇಲ್ಲ," ಎಂದ ಕಲ್ಲಿನಾಥ.

"ಓಕೇ. ಐ ಕ್ಯಾನ್ ಬೇಬಿಸಿಟ್." ಅಷ್ಟು ಹೇಳಿ, ತಂದೆಯ ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು. ತಿಂಗಳುಗಳ ನಂತರ ಅವಳು ಅಲ್ಲಿ ಕೂತದ್ದು ಅದೇ ಮೊದಲು.

ಡಿಪೋದ ಕೆಲಸ ಸುಲಭವಿರಲಿಲ್ಲ. ಭಾರದ ಸೆಟ್ಟುಗಳನ್ನು ಟ್ರಕ್ಕಿನಿಂದ ಇಳಿಸಬೇಕು, ಹಿಂಬದಿ ಬಿಚ್ಚಬೇಕು, ಕಾಯಿಸಿ ಬೆಸೆಯಬೇಕು. ಬೆರಳ ತುದಿ ಸುಟ್ಟುಕೊಂಡು ಬರುತ್ತಿದ್ದ. ಪ್ರಭಾವತಿ ಸಂಜೆಯ ಶಿಫ್ಟಿಗೆ ಹೋದ ದಿನ ಅಜ್ಜಿ, ಮೊಮ್ಮಗಳು, ಅವನು ಮೂವರೇ ಉಣ್ಣುತ್ತಿದ್ದರು. ತರಕಾರಿಯ ಬದಲು ಬೇಳೆ ಹೆಚ್ಚಾಯಿತು. ಮನೆಯ ಮುಂಗಡದ ಮಾತನ್ನು ಯಾರೂ ಎತ್ತಲಿಲ್ಲ.

ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕೂರುವಾಗ ಫೋನು ಬಂತು. ಕಲ್ಲಿನಾಥನೇ ಎತ್ತಿದ.

"ಕಲ್ಲಿನಾಥ್, ನಾನು ರಘೋತ್ತಮ."

ಆರು ತಿಂಗಳಾಗಿತ್ತು. "ಹೇಳ್ರಿ," ಎಂದ.

"ಚೆಕ್ ಬಂತು. ಮೂವತ್ತಾರು ಡಾಲರ್." ಆ ಕಡೆ ಕಾಗದ ಮಡಿಸಿದ ಸದ್ದು ಕೇಳಿಸಿತು. "ಅವತ್ತು ಊಟ ಬಿಟ್ಟು ಎದ್ದು ಬಂದೆ. ಅಮ್ಮಂಗೆ ನೋವಾಗಿರುತ್ತೆ. ಅದು ಸರಿಯಾಗ್ಲಿಲ್ಲ ಅಂತ ಹೇಳ್ಬೇಕಿತ್ತು."

"ಇಲ್ರಿ, ತಪ್ಪು ನಂದು."

"ಇನ್ನೊಂದು ಕೇಳ್ಬೇಕು. ಆ ಸೈನ್ ಮಾಡಿದ್ದಕ್ಕೆ ನಿಮಗೆ ಅಲ್ಲಿ ಏನಾದ್ರೂ ತೊಂದರೆ ಆಯ್ತಾ? ನಿಜ ಹೇಳಿ. ಆಮೇಲೆ ಯೋಚನೆ ಬಂತು ನನಗೆ, ಆಗ ಸಿಟ್ಟಲ್ಲಿ ಬರಲಿಲ್ಲ."

ಕಲ್ಲಿನಾಥ ಟೇಬಲ್ಲಿನ ಕಡೆ ನೋಡಿದ. ಪ್ರಭಾವತಿ ಅನ್ನದ ಪಾತ್ರೆ ಹಿಡಿದು ಅವನನ್ನೇ ನೋಡುತ್ತಿದ್ದಳು. "ಏನಿಲ್ಲ," ಎಂದ. "ಎಲ್ಲಾ ಮೊದಲಿನಂಗ ಐತಿ. ಅದ ಕೆಲಸ, ಅದ ಜಾಗಾ."

"ಖಂಡಿತಾ?"

"ಖಂಡಿತ."

ಫೋನು ಅಂಬುಜಳ ಕೈಗೆ ಹೋಯಿತು. ಅವಳು ಪ್ರಭಾವತಿಯನ್ನು ಕೇಳಿದಳು. ಕಲ್ಲಿನಾಥ ಫೋನನ್ನು ಹೆಂಡತಿಯ ಕಡೆ ಚಾಚಿ ನಿಂತ. ಎಂಟು ತಿಂಗಳಿಂದ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದು ಅವನ ಬೆನ್ನು ಹತ್ತಿದವಳು ಅವಳು. ಪ್ರಭಾವತಿ ಪಾತ್ರೆ ಕೆಳಗಿಟ್ಟು ಫೋನು ತೆಗೆದುಕೊಂಡಳು.

"ಹೌದ್ರಿ ಅಂಬುಜಾ, ಕೇಳಿಸ್ಕೊಂಡೆ. ಛೇ ಛೇ, ಯಾವ ತ್ರಾಸೂ ಆಗಿಲ್ಲ. ಪಗಾರ? ಪಗಾರನೂ ಹಂಗ ಐತಿ. ಹೂಂ, ಲೇಬರ್ ಡೇ ರಜಾಕ್ಕ ಬರ್ರಿ. ಮಕ್ಕಳನ್ನೂ ಕರ್ಕೊಂಡ ಬರ್ರಿ. ಅತ್ತಿಯವರೂ ಹಾದಿ ನೋಡಾಕತ್ತಾರ."

ಫೋನು ಇಟ್ಟಳು. ಗಂಡನ ಮುಖ ನೋಡದೆ ಹೋಗಿ ಅವನ ತಟ್ಟೆಗೆ ಅನ್ನ ಬಡಿಸಿದಳು. ಅವನೂ ಬಂದು ಕೂತ. ಮಲ್ಲಮ್ಮ ಇಬ್ಬರನ್ನೂ ಒಂದು ಸಲ ನೋಡಿದಳು.

"ಯಾಕ ಸುಳ್ಳ ಹೇಳಿದ್ರಿ ಇಬ್ಬರೂ?"

"ಖರೇ ಹೇಳಿದ್ರ ಅವರು ಈಗಿಂದೀಗ ಚೆಕ್ಕು ಹರದು ಒಗೀತಿದ್ರು ಅತ್ತಿ," ಎಂದಳು ಪ್ರಭಾವತಿ. "ಮತ್ತ ಈ ಮನಿಗೆ ಕಾಲ ಇಡ್ತಿದ್ದಿಲ್ಲ."

ಮಲ್ಲಮ್ಮ ತುತ್ತು ಕಲಸುತ್ತ ಯೋಚಿಸಿದಳು. ಊರಲ್ಲಿ ಯಾರದೇ ಪಂಚಾಯಿತಿಯಲ್ಲಿ ಸಾಕ್ಷಿ ಹೇಳಬೇಕಾದರೂ, ಸುಳ್ಳು ಹೇಳುವವಳಲ್ಲವೆಂದು ಅವಳನ್ನೇ ಕರೆಯುತ್ತಿದ್ದರು.

"ಹಂಗಾರ ಅವರು ಬಂದಾಗ ನನ್ನನ್ನ ಕೇಳೇ ಕೇಳ್ತಾರ," ಎಂದಳು. "ಫೋನಿನಾಗ ನೀವಿಬ್ಬರೂ ಏನೇನ ಹೇಳೀರಿ, ನನಗ ಇನ್ನೊಮ್ಮೆ ಸರಿಯಾಗಿ ಹೇಳಿಕೊಡ್ರಿ."